ಮೈಕಿನ ಮುಂದೆ ವಿನಯ

ಕೊಪ್ಪಳದ ಗುಲ್ಶನ್ ಬಸ್ ಕಂಪನಿಯಲ್ಲಿ ಮೈಕು ಹಿಡಿಯುವ ಹುಚ್ಚೀರಪ್ಪನ ನಾಲಿಗೆ ಹೊಸದಾಗಿ ಮಸೆದ ಕುಡುಗೋಲಿನಂಥದು. “ಏ ಬೇವೂರ ಬಸ್ಸು! ಹತ್ತ್ರಿ, ಇಲ್ಲಂದ್ರ ನಡಕೋಂತ ಹೋಗ್ರಿ!” ಎಂದು ಕೂಗಿದರೆ ತೂಕಡಿಸುತ್ತಿದ್ದವರೂ ಬಸ್ಸಿನೊಳಗಿರುತ್ತಿದ್ದರು. ಆದರೆ ಆ ವಾರ ಇಬ್ಬರು ಅವನ ಮೇಲೆ ದೂರು ಕೊಟ್ಟರು. ಮರುದಿನ ಬೆಳಿಗ್ಗೆ ಮಾಲಕಿ ಶಹನಾಜಬೇಗಂ ‘ವಿನಯದಿಂದ ಮಾತಾಡಿ’ ಎಂಬ ಕಾಗದವನ್ನು ಗೋಡೆಗೆ ತಾವೇ ಅಂಟಿಸಿದರು.

“ಇನ್ನೊಂದು ದೂರು ಬರಲಿ, ನಿಮ್ಮನ್ನ ಬ್ಯಾರೆ ಊರಿಗೆ ಹಾಕ್ತೀನಿ ನೋಡ್ರಿ.”

ಹುಚ್ಚೀರಪ್ಪನ ಮನೆ ಹಿಂದಿನ ಓಣಿಯಲ್ಲೇ. ಮಧ್ಯಾಹ್ನ ಹೆಂಡತಿ ಹೇಮಾ ಬಡಿದ ಬಿಸಿ ರೊಟ್ಟಿ ತಿಂದು ಅರ್ಧ ತಾಸು ಅಡ್ಡಾಗುವ ಸುಖ ಬೇರೆ ಊರಿನಲ್ಲಿ ಎಲ್ಲಿಯದು? ಸಿಟ್ಟು ಬಂದಾಗಲೆಲ್ಲ ನೀರು ಕುಡಿಯುವುದೆಂದು ನಿಶ್ಚಯಿಸಿದ. ಹತ್ತು ಗಂಟೆಗೆ ಎರಡು ತಂಬಿಗೆ ಖಾಲಿಯಾದವು.

ಚಹಾದ ಬಾಲಪ್ಪ ಬಂದ.

“ಬರ್ರಿ ಬಾಲಪ್ಪನವರ, ದಯಮಾಡಿ ಕೂಡ್ರಿ.”

ಬಾಲಪ್ಪ ಕಪ್ಪಿಟ್ಟು ಹಿಂದೆ ಸರಿದ. “ಇಪ್ಪತ್ತು ವರ್ಷದಾಗ ಒಮ್ಮಿನೂ ನನಗ ರೀ ಅಂದಿಲ್ಲ. ನಾ ಏನ್ ತಪ್ಪು ಮಾಡೀನೋ ಮಾರಾಯಾ? ಬೇಕಾದ್ರ ಬೈದುಬಿಡು!”

ಹನ್ನೊಂದಕ್ಕೆ ಬೇವೂರಿನ ಬಸ್ಸು ಬಂತು. ಒಳಕೋಣೆಯಲ್ಲಿ ಹುಚ್ಚೀರಪ್ಪ ಮೈಕಿಗೆ ಕೈಮುಗಿದ. “ಮಾನ್ಯ ಪ್ರಯಾಣಿಕ ಬಂಧುಗಳೇ, ತಮಗೆಲ್ಲ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇವೆ. ತಮ್ಮ ಅಮೂಲ್ಯ ಸಮಯವನ್ನು...” ಯಾವುದೋ ಉದ್ಘಾಟನೆ ಇರಬೇಕೆಂದು ಜನ ಪೇಢಾ ಹಂಚುವುದನ್ನು ಕಾಯುತ್ತ ಕುಳಿತರು. ‘ಬೇವೂರು’ ಎಂಬ ಮಾತು ಅವನ ಬಾಯಿಂದ ಹೊರಬೀಳುವಷ್ಟರಲ್ಲಿ ಬಸ್ಸು ಖಾಲಿಯಾಗಿಯೇ ಹೊರಟುಹೋಗಿತ್ತು.

ಹುಚ್ಚೀರಪ್ಪ ಹೊರಗಿನ ಮೇಜಿಗೆ ಬಂದು ಕೂಡುವಷ್ಟರಲ್ಲಿ, ಮೈಕಿನವನ ಮುಖ ಎಂದೂ ನೋಡಿರದ ಮುದುಕಿ ಹಮೀದಾಬಿ ಚೀಲ ಹೊತ್ತು ಒಳಗೆ ನುಗ್ಗಿದಳು. “ಮೊಮ್ಮಗಳನ್ನ ನೋಡಾಕ ಬೀಗರು ಬರೋರದಾರ, ಬಸ್ಸು ತಪ್ಪಿಸಿಬಿಟ್ಟ ಆ ಮೈಕಿನಾಂವ! ದೂರು ಕೊಡಬೇಕು. ನನಗ ಬರಿಯಾಕ ಬರಾಂಗಿಲ್ಲ, ನೀ ಬರದು ಕೊಡ್ತೀಯೇನಪಾ?”

ಹುಚ್ಚೀರಪ್ಪ ಗೋಡೆಯ ಕಾಗದ ನೋಡಿದ, ನೀರು ಕುಡಿದ. “ಕೊಡ್ತೀನ್ರಿ ಅಮ್ಮಾರ.”

“ಆಂವನ ಹೆಸರೇನು?”

“ಹುಚ್ಚೀರಪ್ಪ ಅಂತ್ರಿ.”

“ಮನಷ್ಯಾನ ಛಲೋ ಇಲ್ಲ ನೋಡು.”

“ಅದನ್ನೂ ಬರೀಲೇನ್ರಿ?”

“ಬರಿ ಬರಿ. ನಿನ್ನಂಥಾ ಛಲೋ ಹುಡುಗರಿಗೆ ಮೈಕ ಕೊಡೂದು ಬಿಟ್ಟು ಅಂಥಾವಗ ಕೊಟ್ಟಾರ!”

ಐವತ್ತು ವರ್ಷದ ಹುಡುಗ ಮುತ್ತಿನಂಥ ಅಕ್ಷರದಲ್ಲಿ ಎಲ್ಲವನ್ನೂ ಬರೆದುಕೊಟ್ಟ.

ಮಧ್ಯಾಹ್ನ, ರೊಟ್ಟಿಯ ಹೊತ್ತಿಗೇ ಮಾಲಕಿಯ ಕೋಣೆಯಿಂದ ಕರೆ ಬಂತು. ಶಹನಾಜಬೇಗಂ ಓದುತ್ತಿದ್ದರು: “‘ಪೂಜ್ಯರಲ್ಲಿ ವಿನಂತಿ. ತಮ್ಮ ಹುಚ್ಚೀರಪ್ಪನವರು ಮನುಷ್ಯರೇ ಸರಿಯಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ...’ ಇಷ್ಟು ಮರ್ಯಾದಿಲೆ ಬೈದಿದ್ದು ನಾ ಎಲ್ಲೂ ನೋಡಿಲ್ಲ. ಯಾರು ಬರದದ್ದು?”

“ನಾನ ರೀ.”

ಅವರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಆಮೇಲೆ ದೂರನ್ನು ಪರಪರ ಹರಿದುಹಾಕಿದರು. ಹುಚ್ಚೀರಪ್ಪನಿಗೆ ಹೋದ ಜೀವ ಬಂದಂತಾಯಿತು.

“ತನ್ನ ಮ್ಯಾಲಿನ ದೂರನ್ನ ಹಿಂಗ ಬರಿಯೋ ಮನಷ್ಯಾನ್ನ ಇಲ್ಲಿ ಇಟ್ಟು ಹಾಳ ಮಾಡೀನಿ. ದೂರದ ಹುಲಿಹೈದರ ಊರಾಗಿನ ನಮ್ಮ ಆಫೀಸಿನ್ಯಾಗ ದಿನಾ ಬಡದಾಟ. ನಾಳಿಂದ ಅಲ್ಲಿಗೆ ನೀವ ಮ್ಯಾನೇಜರ್!”

ಬೆಳಗಿನಿಂದ ನುಂಗಿದ ಬೈಗುಳವೆಲ್ಲ ಒಮ್ಮೆಲೇ ಹುಚ್ಚೀರಪ್ಪನ ಗಂಟಲಿಗೆ ಬಂತು. ಅವನು ಬಾಯಿ ತೆರೆದ.

“ಭಾಳ ಉಪಕಾರ ಆತ್ರಿ ಮೇಡಂ,” ಎಂದಿತು ಬಾಯಿ.