ಮೋಡೆಮ್ಮಿನ ಬಾಯಿ ಮುಚ್ಚಿಸಿದ್ದು

ಮನೆಯಲ್ಲಿ ನನ್ನ ಮಾತು ಕೇಳುವ ವಸ್ತು ಒಂದಾದರೂ ಇರಲಿ ಎಂದು ಮೋಡೆಮ್ ತಂದೆ. ಅದೂ ಕೇಳಲಿಲ್ಲ.

ಯಂತ್ರಗಳ ಕೈಪಿಡಿಗಳನ್ನು ಅನುವಾದಿಸಿ ಹೊಟ್ಟೆ ಹೊರೆಯುವವನು ನಾನು. ಕೆಲಸ ಕೊಡುವ ಆಫೀಸು ಎರಡು ಬೀದಿ ಆಚೆಗಿದೆ. ಆದರೂ ಈ ವಿದ್ಯುನ್ಮಾನ ಯುಗದಲ್ಲಿ ಚಪ್ಪಲಿ ಸವೆಸುವುದು ಮೂರ್ಖತನವೆಂದು ತೀರ್ಮಾನಿಸಿ, ಫೈಲುಗಳನ್ನು ಫೋನಿನ ತಂತಿಯಲ್ಲೇ ಕಳಿಸತೊಡಗಿದೆ. ಅಂದರೆ, ಕಳಿಸಲು ಯತ್ನಿಸತೊಡಗಿದೆ. ಗುಂಡಿ ಒತ್ತಿದಾಗಲೆಲ್ಲ ಪರದೆಯ ಮೇಲೆ 'ಡಯಲ್ ಟೋನ್ ಇಲ್ಲ' ಎಂಬ ವರದಿ. ನಡುಮನೆಯಲ್ಲಿ ಅದೇ ಲೈನಿನ ಫೋನು ಹಿಡಿದು ಹೆಂಡತಿ ತನ್ನ ಅಮ್ಮನ ಜೊತೆ ಮಾತಾಡುತ್ತಿರುತ್ತಿದ್ದಳು. ಅವಳು ಇಟ್ಟಮೇಲೆ ಒತ್ತಿದರೆ 'ಲೈನ್ ಬಿಜಿ'. (ಆ ಕಡೆಯೂ ಯಾರಿಗೋ ಅತ್ತೆ ಇದ್ದಿರಬೇಕು.)

"ಫೋನ್ ಇಡ್ತೀಯಾ? ಮೋಡೆಮ್ ದೂರು ಹೇಳ್ತಿದೆ."

"ನೀವೂ ದಿನಾ ಹೇಳ್ತೀರಿ. ನಾನೇನು ಕಿವಿಗೆ ಹಾಕ್ಕೋತೀನಾ?"

ಮಾತು ನಾಟಿತು. ಕೈಪಿಡಿ ತೆರೆದೆ. ಒಂದು ಆಜ್ಞೆ ಕೊಟ್ಟರೆ ಮೋಡೆಮ್ ಯಾವ ವರದಿಯನ್ನೂ ಒಪ್ಪಿಸುವುದಿಲ್ಲ. ಇನ್ನೊಂದು ಕೊಟ್ಟರೆ ಡಯಲ್ ಟೋನಿಗೆ ಕಾಯದೆ ನಂಬರ್ ಒತ್ತುತ್ತದೆ. ಎರಡನ್ನೂ ದಯಪಾಲಿಸಿದೆ. ಅಂದಿನಿಂದ ಪರದೆ ಶುಭ್ರ. ಗುಂಡಿ ಒತ್ತಿ, ಬಾಗಿಲೆಳೆದುಕೊಂಡು ಸ್ನಾನಕ್ಕೆ ಹೋಗುತ್ತಿದ್ದೆ. ಆಫೀಸಿನಿಂದ ತಕರಾರಿಲ್ಲ, ಬದಲಿಗೆ ಕೆಲಸ ಹೆಚ್ಚಾಯಿತು. ಈ ಸಾಧನೆಯ ಕುರಿತು ಹೆಂಡತಿಗೆ ಊಟದ ಹೊತ್ತಿನಲ್ಲಿ ಉಪನ್ಯಾಸ ಕೊಟ್ಟೆ. "ನಿಮ್ಮ ತಲೆಯೇ ತಲೆ ಬಿಡಿ" ಎಂದು ಇನ್ನಷ್ಟು ಅನ್ನ ಬಡಿಸಿದಳು.

ಮೊನ್ನೆ ಟವೆಲ್ ಮರೆತು ರೂಮಿಗೆ ವಾಪಸು ಬಂದೆ. ಮೋಡೆಮ್ ನಂಬರ್ ಒತ್ತಿ ಮುಗಿಸಿತ್ತು. ಅದರ ಪುಟ್ಟ ಸ್ಪೀಕರಿನಿಂದ ನನ್ನ ಅತ್ತೆಯ ದನಿ ಹೊರಟಿತು.

"ಏನೇ ಅದು, ಮಾತಿನ ಮಧ್ಯೆ ಕೀಂಯ್ ಅನ್ನೋದು?"

"ಇವರದೇ ಕೆಲಸ, ಅಮ್ಮ. ಫೈಲ್ ಕಳಿಸ್ತಿದ್ದಾರೆ."

"ಹೋಗುತ್ತಾ?"

"ಎಲ್ಲಿ ಹೋಗುತ್ತೆ! ಆಫೀಸಿನವರು ಫೋನ್ ಮಾಡಿ, ಏನೂ ಬಂದಿಲ್ಲ, ಕೆಲಸ ಬೇರೆಯವರಿಗೆ ಕೊಡ್ತೀವಿ ಅಂದ್ರು. ಅವತ್ತಿಂದ ಇವರು ಪೇಪರ್ ಓದ್ತಾ ಕೂತಾಗ ಫೈಲನ್ನ ಫ್ಲಾಪಿ ಡಿಸ್ಕಿಗೆ ಹಾಕ್ಕೊಂಡು, ಟೈಲರ್ ಅಂಗಡಿಗೆ ಅಂತ ಹೇಳಿ, ನಾನೇ ಕೊಟ್ಟು ಬರ್ತೀನಿ."

"ಅಳಿಯಂದಿರಿಗೆ ಹೇಳಬಾರದೇನೇ?"

"ಪಾಪ, ಬಿಡಮ್ಮ. ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದಾರೆ. ನಾಲ್ಕು ದಿನ ಚೆನ್ನಾಗಿರ್ಲಿ."

ಟವೆಲ್ ಹಿಡಿದು, ಸದ್ದಾಗದಂತೆ ಬಚ್ಚಲಿಗೆ ಹೋಗಿ, ಬಹಳ ಹೊತ್ತು ಮೈ ಉಜ್ಜಿಕೊಂಡೆ.

ಮಧ್ಯಾಹ್ನ ಅವಳು ಕೈಚೀಲ ಹಿಡಿದು ಹೊರಟಳು.

"ಟೈಲರ್ ಅಂಗಡಿಗೆ ಹೋಗಿಬರ್ತೀನಿ ರೀ."

"ಚೀಲ ಬಿಸಿಲಿಗೆ ಹಿಡೀಬೇಡ" ಎಂದೆ, ಪೇಪರಿನಿಂದ ತಲೆಯೆತ್ತದೆ. "ಬಗ್ಗದ ಹಾಗೆ ನೋಡ್ಕೋ."

"ಏನು ಬಗ್ಗೋದು?"

"ಬಟ್ಟೆ."

ಅವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿದೆ. ವಾಪಸು ಬಂದು, ಚೀಲದಿಂದ ಫ್ಲಾಪಿ ತೆಗೆದು ನನ್ನ ಮಡಿಲಿಗಿಟ್ಟಳು.

"ಗೊತ್ತಾಯ್ತಲ್ಲ, ಇನ್ಮೇಲೆ ನೀವೇ ಹೋಗಿ. ಟೈಲರ್ ಹತ್ರ ನಿಜವಾಗ್ಲೂ ನನ್ನ ಬಟ್ಟೆ ಇದೆ, ಬರ್ತಾ ಇಸ್ಕೊಂಡು ಬನ್ನಿ."