ಗುನ್ನಾರನ ಸಿನಿಮಾದಲ್ಲಿ ನನ್ನ ಹೆಣ

ದಣಿದ ಮನುಷ್ಯನಿಗೆ ಕೀರ್ತಿಯ ಆಸೆ ಇರುವುದಿಲ್ಲವೆಂದು ನಾನು ನಂಬಿದ್ದೆ. ಮಿಶಿಗನ್ನಿನ ಕ್ಯಾಂಟನ್ನಿನಿಂದ ವಾರೆನ್ನಿನ ಕಾರು ಕಂಪನಿಗೆ ದಿನಾ ನಲವತ್ತು ಮೈಲಿ ಹೋಗಿ, ಕಾರಿನ ಬಾಗಿಲು ಮುಚ್ಚುವಾಗ ಬರುವ ಸದ್ದನ್ನು ಅಳೆದು, ಮತ್ತೆ ನಲವತ್ತು ಮೈಲಿ ವಾಪಸು ಬರುವ ನನ್ನಂಥವನಿಗೆ ಒಂದು ಸೋಫಾ ಸಾಕು. ಪಕ್ಕದ ಮನೆಗೆ ಗುನ್ನಾರ್ ಬಂದ ಮೇಲೆ ಆ ನಂಬಿಕೆ ಕೆಟ್ಟಿತು.

ಗುನ್ನಾರ್ ಐಸ್‌ಲ್ಯಾಂಡಿನವನು. ಅಲ್ಲಿ ಮೂವತ್ತು ವರ್ಷ ಸಿನಿಮಾ, ಟೀವಿ ಎಂದು ದುಡಿದು, ಮಿಶಿಗನ್ನಿನವಳನ್ನು ಮದುವೆಯಾಗಿ ಇಲ್ಲಿಗೆ ಬಂದವನು. ಅವನ ಹೆಸರಿನ ಕೊನೆಗಿರುವುದೂ ನನ್ನ ಹಾಗೆಯೇ ಅಪ್ಪನ ಹೆಸರು. ಅದು ಮನೆತನದ ಹೆಸರಲ್ಲವೆಂದು ಕಂಡಕಂಡವರಿಗೆಲ್ಲ ವಿವರಿಸಿ ಅವನೂ ಸುಸ್ತಾಗಿದ್ದ. ಸ್ನೇಹಕ್ಕೆ ಅಷ್ಟು ಸಾಕಾಯಿತು. ಹಿಮ ಎತ್ತುವಾಗ ಸಲಿಕೆಗೆ ಒರಗಿಕೊಂಡು ತನ್ನ ಕಥೆ ಹೇಳುತ್ತಿದ್ದ. ಮೊದಲು ಪತ್ತೇದಾರಿ ಧಾರಾವಾಹಿಯಲ್ಲಿ ಹೆಣವಾಗಿದ್ದನಂತೆ. ಆಮೇಲೆ ಲೈಟು ಹೊತ್ತು, ಪೊಲೀಸನಾಗಿ, ಕೊಲೆಗಾರನಾಗಿ, ಕೊನೆಗೆ ನಿರ್ದೇಶಕನಾದ.

"ನಮ್ಮದು ಪುಟ್ಟ ದೇಶ. ಬ್ರೆಡ್ ತರಲು ಹೋದರೂ ಜನ ‘ಅವಳನ್ನು ಯಾಕೆ ಕೊಂದೆ?’ ಎಂದು ಕೇಳುತ್ತಿದ್ದರು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ," ಎಂದು ಒಮ್ಮೆ ನಿಟ್ಟುಸಿರಿಟ್ಟ.

ಇಲ್ಲಿ ಅವನಿಗೆ ಸಿಕ್ಕಿದ್ದು ಕಾರ್ಖಾನೆಗಳ ಸುರಕ್ಷತಾ ವೀಡಿಯೊಗಳು ಮಾತ್ರ. ಇದೇ ಕೊನೆಯ ಪ್ರಯತ್ನವೆಂದು ಒಂದು ಕಿರುಚಿತ್ರಕ್ಕೆ ಕೈಹಾಕಿದ. ಅದರಲ್ಲಿ ಹೆಣದ ಪಾತ್ರಕ್ಕೆ ನನ್ನನ್ನು ಕರೆದ. ನನಗೆ ನಟನೆ ಬರುವುದಿಲ್ಲ ಎಂದೆ. "ಸಂಜೆ ನೀನು ಕಾರಿನಿಂದ ಇಳಿಯುವುದನ್ನು ದಿನಾ ನೋಡುತ್ತೇನೆ. ನಟಿಸುವ ಅಗತ್ಯವೇ ಇಲ್ಲ," ಎಂದ.

ನನ್ನ ಹೆಂಡತಿ ಸುಧಾ ಕೂಡ ಹುರಿದುಂಬಿಸಿದಳು. "ಹೋಗ್ಬನ್ನಿ. ಮಲಗೋ ಕೆಲ್ಸ ತಾನೆ? ಅದೊಂದು ನಿಮಗೆ ಚೆನ್ನಾಗಿ ಬರತ್ತೆ."

ಶನಿವಾರ, ವಾರೆನ್ನಿನ ಮುಚ್ಚಿಹೋದ ಒಂದು ವರ್ಕ್‌ಶಾಪಿನಲ್ಲಿ ನನ್ನ ನೀಲಿ ಜಾಕೆಟ್ ತೊಟ್ಟು, ಹಳೇ ಜಮಖಾನೆಯ ಮೇಲೆ ಬೋರಲಾಗಿ ಮಲಗಿದೆ. ದೀಪಗಳ ಶಾಖ ಬೆನ್ನಿಗೆ ಹಿತವಾಗಿತ್ತು. ಚಿತ್ರದಲ್ಲಿ ನನ್ನ ವಿಧವೆಯಾದ ನಟಿ ಪಕ್ಕದಲ್ಲಿ ಕೂತು ಉದ್ದನೆಯ ಮಾತಾಡುತ್ತಾ ಅಳತೊಡಗಿದಳು. ಎಷ್ಟೋ ವರ್ಷದ ಮೇಲೆ ಯಾರೋ ನನ್ನ ಪಕ್ಕ ಕೂತು, ನನ್ನಿಂದ ಉತ್ತರ ಬಯಸದೆ ಮಾತಾಡುತ್ತಿದ್ದರು.

ಎಚ್ಚರವಾದಾಗ ಯಾರೋ ಮೈಮೇಲೆ ಕೋಟು ಹೊದಿಸಿದ್ದರು. ಗುನ್ನಾರ್ ಕಾಫಿ ಕುಡಿಯುತ್ತಾ ಕೂತಿದ್ದ.

"ಅವಳು ಅದ್ಭುತವಾಗಿ ಅತ್ತಳು. ಅಷ್ಟರಲ್ಲಿ ನೀನು ಗೊರಕೆ ಹೊಡೆದೆ," ಎಂದ. "ನಡುಗಿದ ಹೆಣ ನೋಡಿದ್ದೇನೆ, ಸೀನಿದ ಹೆಣ ನೋಡಿದ್ದೇನೆ. ನಿದ್ದೆ ಮಾಡಿದ ಹೆಣ ಇದೇ ಮೊದಲು."

ಬೈದಿದ್ದರೆ ವಾಸಿಯಿತ್ತು. ಆತ ನನ್ನ ಜಾಕೆಟ್ ಬಿಚ್ಚಿಸಿಕೊಂಡು, ಕಾರುಗಳ ಡಿಕ್ಕಿ ಪರೀಕ್ಷೆಯಲ್ಲಿ ಸೀಟಿಗೆ ಕೂರಿಸುವ ಹಳೇ ಗೊಂಬೆಯೊಂದನ್ನು ತರಿಸಿ ಅದಕ್ಕೆ ತೊಡಿಸಿದ. ದೃಶ್ಯ ಒಂದೇ ಸಲಕ್ಕೆ ಮುಗಿಯಿತು.

ಆ ಚಿತ್ರ ಶಿಕಾಗೋದ ಒಂದು ಸಣ್ಣ ಉತ್ಸವಕ್ಕೆ ಆಯ್ಕೆಯಾಯಿತು. ಅದನ್ನು ನೋಡಿದ ಅವನ ದೇಶದವರು ಹೊಸ ಧಾರಾವಾಹಿ ನಿರ್ದೇಶಿಸಲು ಕರೆದರು. ಹೊರಡುವ ಮುಂಚೆ ಕ್ಯಾಂಟನ್ನಿನ ಒಂದು ಸಭಾಂಗಣದಲ್ಲಿ ಎಲ್ಲರಿಗೂ ಚಿತ್ರ ತೋರಿಸಿದ. ನನ್ನ ಗೊರಕೆಯ ಸಂಗತಿ ನಾನು ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ. ಸುಧಾ ಕನ್ನಡದವರನ್ನೆಲ್ಲ ಕರೆದಿದ್ದಳು.

ದೀಪ ಹತ್ತಿದ ಕೂಡಲೇ ಧಾರವಾಡದ ಪಾಟೀಲ್ ಅಂಕಲ್, ನಿವೃತ್ತ ಡಾಕ್ಟರು, ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

"ಏನ್ ಛಲೋ ಸತ್ತೀರಿ ಸಾಹೇಬ್ರ! ನಾ ಡಾಕ್ಟರ್ ಅದೀನಿ, ನನಗಽ ಖರೇ ಅನಿಸ್ತು. ಒಂಚೂರೂ ಅಲುಗ್ಯಾಡ್ಲಿಲ್ಲ ನೋಡ್ರಿ!"

ಸುಧಾಳ ಮುಖ ಹೆಮ್ಮೆಯಿಂದ ಅರಳಿತ್ತು. ಅಂಕಲ್ ಏನಂದರು ಎಂದು ಗುನ್ನಾರ್ ನನ್ನನ್ನೇ ಕೇಳಿದ. ಚಿತ್ರ ಚೆನ್ನಾಗಿದೆಯಂತೆ ಎಂದೆ. ಆಮೇಲೆ ಅಂಕಲ್ ಕಡೆ ತಿರುಗಿ, ಆದಷ್ಟು ವಿನಯದಿಂದ ಹೇಳಿದೆ: "ತುಂಬಾ ಕಷ್ಟ ಆಯ್ತು ಅಂಕಲ್. ಉಸಿರು ಕಂಟ್ರೋಲ್ ಮಾಡ್ಬೇಕಲ್ಲ."