ಕಾರ್ಬನ್ ಪ್ಲೇಟ್ ಬೂಟಿಗೆ ಸಿಬ್ಬಂದಿಯ ಹೆಜ್ಜೆ ಹೊಂದಿಸುವ ಬಗ್ಗೆ

ಉಪವಿಭಾಗ ಕಚೇರಿ, ಹೊನ್ನಾವರ
(ಇಲಾಖೆಯ ಹೆಸರು ಬದಲಾವಣೆಯ ಕಡತದಲ್ಲಿದೆ)

ಸಂಖ್ಯೆ: ಪಾದ/ಹೆಜ್ಜೆ/ಬೂಟು-1/07/2024-25
ದಿನಾಂಕ: 18-01-2025, ಶನಿವಾರ

ಸುತ್ತೋಲೆ

ವಿಷಯ: ಸಿಬ್ಬಂದಿ ಓಟದಲ್ಲಿ ಹೆಜ್ಜೆಯ ಉದ್ದ ಹಾಗೂ ಲಯವನ್ನು ಸರ್ಕಾರಿ ಬೂಟಿಗೆ ಸರಿಹೊಂದಿಸುವ ಕುರಿತು.

ಉಲ್ಲೇಖ: 1) ಬೂಟು ಪರಿಶೀಲನಾ ಸಮಿತಿಯ ವರದಿ. 2) ಈ ಕಚೇರಿಯ ಟಪಾಲು ಜವಾನರಾದ ಶಿರಾಲಿಯ ಶ್ರೀಮತಿ ಮಾಸ್ತಮ್ಮ ಇವರ ಅರ್ಜಿ.

ನಾಳೆ ಭಾನುವಾರ ಬೆಳಿಗ್ಗೆ ಆರಕ್ಕೆ ಹಳದೀಪುರದಿಂದ ಕುಮಟಾವರೆಗೆ ನಡೆಯುವ ಸಿಬ್ಬಂದಿ ಓಟಕ್ಕಾಗಿ ಈ ಕಚೇರಿಯು ಒಂದು ಜೊತೆ ಕಾರ್ಬನ್ ಪ್ಲೇಟ್ ಬೂಟು ಖರೀದಿಸಿರುವುದು ಸರಿಯಷ್ಟೆ. ಅಳತೆ ಒಂಬತ್ತು. ಅಧೀಕ್ಷಕರ ಪಾದದ ಅಳತೆಯೂ ಒಂಬತ್ತೇ ಆಗಿರುವುದು ಕೇವಲ ಕಾಕತಾಳೀಯವೆಂದು ಸಮಿತಿಯು ಮೂರು ಸಭೆಗಳ ನಂತರ ಒಪ್ಪಿರುತ್ತದೆ. ಅದರಂತೆ ಈ ಮೂಲಕ ಸೂಚಿಸಲಾಗಿದೆ:

1. ಬೂಟಿನ ಅಟ್ಟೆಯೊಳಗೆ ಗಟ್ಟಿಯಾದ, ಬಾಗಿದ ಪ್ಲೇಟ್ ಇದ್ದು, ಮುಂಗಾಲನ್ನು ಜೋರಾಗಿ ಊರಿದವರನ್ನು ಅದು ಮುಂದಕ್ಕೆ ಚಿಮ್ಮಿಸುತ್ತದೆಂದು ಡಬ್ಬಿಯ ಮೇಲೆ ಬರೆದಿದೆ. ದಾಸ್ತಾನು ತಪಾಸಣೆಯ ವೇಳೆ ಪ್ಲೇಟ್ ಕಣ್ಣಿಗೆ ಬೀಳದ ಕಾರಣ ಉಗ್ರಾಣ ಪಾಲಕ ಶ್ರೀ ಬೊಮ್ಮಯ್ಯ ಇವರು ಬಲಗಾಲಿನ ಬೂಟನ್ನು ಕತ್ತಿಯಿಂದ ಸೀಳಿ, ಪ್ಲೇಟ್ ಇರುವುದನ್ನು ದೃಢಪಡಿಸಿರುತ್ತಾರೆ. ಹೊಲಿಗೆ ಹಾಕಿಸಲಾಗಿದೆ. ಎಡಗಾಲಿನ ಪ್ಲೇಟನ್ನು ನಂಬಿಕೆಯ ಮೇಲೆ ಒಪ್ಪಲಾಗಿದೆ.

2. ಈ ಭಾಗದಲ್ಲಿ ಓಟದ ಅಭ್ಯಾಸವೆಂದರೆ ಹೊರಟ ಬಸ್ಸನ್ನು ಹಿಡಿಯುವುದೇ ಆದ್ದರಿಂದ, ಬೂಟಿನ ಪರೀಕ್ಷೆಯನ್ನು ಹಳದೀಪುರದಲ್ಲಿ ಕುಮಟಾ ಬಸ್ಸಿನ ಹಿಂದೆ ನಡೆಸಲಾಯಿತು. ಫಲಿತಾಂಶ ಕೆಳಗಿನಂತಿದೆ:

(ಅ) ಅಧೀಕ್ಷಕ ಶ್ರೀ ದೇವರಾಜ: ಉದ್ದ ಹೆಜ್ಜೆ, ನಿಮಿಷಕ್ಕೆ 138. ಹಿಮ್ಮಡಿಯನ್ನೇ ಮೊದಲು ಊರಿದ್ದರಿಂದ ಪ್ಲೇಟ್ ಚಿಮ್ಮಲಿಲ್ಲ, ಮೀನಖಂಡ ಹಿಡಿದುಕೊಂಡಿತು. ಬಸ್ಸು ಸಿಗಲಿಲ್ಲ. ಬಸ್ಸು ವೇಳೆಗೆ ಮೊದಲೇ ಹೊರಟಿತೆಂದು ನಮೂದಿಸಲಾಗಿದೆ.

(ಆ) ಬೆರಳಚ್ಚುಗಾರ್ತಿ ಕು. ದಿವ್ಯಶ್ರೀ: ಉದ್ದ ಹೆಜ್ಜೆ, ಮುಂಗಾಲ ಓಟ, ನಿಮಿಷಕ್ಕೆ 176. ಮೂರು ಜೊತೆ ಸಾಕ್ಸ್ ತುರುಕಿದ ಮೇಲೆ ಪ್ಲೇಟ್ ಸಂಪೂರ್ಣ ಸಹಕರಿಸಿತು. ಬಸ್ಸನ್ನು ಹಿಡಿಯುವ ಬದಲು ದಾಟಿ ಹೋಗಿ, ಮುಂದಿನ ನಿಲ್ದಾಣದಲ್ಲಿ ಅದಕ್ಕಾಗಿ ಕಾದು ನಿಂತಿದ್ದಕ್ಕೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ.

(ಇ) ಶ್ರೀಮತಿ ಮಾಸ್ತಮ್ಮ: ಗದ್ದೆಯಂಚಿನ ಮೇಲೆ ಓಡಿ ರೂಢಿಯಾದ ಗಿಡ್ಡ ಹೆಜ್ಜೆ, ನಿಮಿಷಕ್ಕೆ 196. ಪ್ಲೇಟ್ ಬಾಗುವ ಮೊದಲೇ ಕಾಲು ನೆಲ ಬಿಡುತ್ತಿದ್ದುದರಿಂದ ಪ್ಲೇಟಿಗೆ ಕೆಲಸವೇ ದೊರೆಯಲಿಲ್ಲ. ಪಾದದ ಅಳತೆ ಐದು. ಸದರಿಯವರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಓಡಿ ಬಸ್ಸು ಹತ್ತಿ, ಸಮಿತಿಗಾಗಿ ಸೀಟು ಹಿಡಿದಿಟ್ಟಿದ್ದರು.

3. ಒಂದೇ ಬೂಟು ಮೂವರ ಕಾಲಲ್ಲಿ ಮೂರು ಬಗೆಯಾಗಿ ವರ್ತಿಸಿದ್ದರಿಂದ, ದೋಷ ಬೂಟಿನದಲ್ಲ, ಹೆಜ್ಜೆಗಳದೆಂದು ತೀರ್ಮಾನಿಸಲಾಗಿದೆ. ಬೂಟು ಬದಲಿಸಲು ಟೆಂಡರ್ ಬೇಕು. ಹೆಜ್ಜೆ ಬದಲಿಸಲು ಸುತ್ತೋಲೆ ಸಾಕು.

4. ಆದುದರಿಂದ ಭಟ್ಕಳ, ಹೊನ್ನಾವರ ಮತ್ತು ಕುಮಟಾ ಕಚೇರಿಗಳ ಸಮಸ್ತ ಸಿಬ್ಬಂದಿ ಇನ್ನು ಮುಂದೆ ನಿಮಿಷಕ್ಕೆ 180ರಂತೆ, ಏಕರೂಪದ ಉದ್ದ ಹೆಜ್ಜೆಯನ್ನೇ ಇಡತಕ್ಕದ್ದು. ಚಹಾದಂಗಡಿಗೆ ಹೋಗುವಾಗ ಈ ವೇಗವನ್ನು ಈಗಾಗಲೇ ಸಾಧಿಸಿರುವವರು ಮರಳಿ ಬರುವಾಗಲೂ ಅದನ್ನೇ ಪಾಲಿಸತಕ್ಕದ್ದು.

5. ಬೂಟು ಪಾದರಕ್ಷೆಯಾದ್ದರಿಂದ ಒಳಗೆ ತರುವಂತಿಲ್ಲ. ಸರ್ಕಾರಿ ಸ್ವತ್ತಾದ್ದರಿಂದ ಹೊರಗೆ ಬಿಡುವಂತಿಲ್ಲ. ಅದನ್ನು ಹೊಸ್ತಿಲ ಮೇಲೆಯೇ ಇರಿಸಲಾಗಿದ್ದು, ಎಲ್ಲರೂ ದಾಟಿ ಒಳಬರತಕ್ಕದ್ದು. ಹಾರಿದ್ದನ್ನು ಹೆಜ್ಜೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

6. ನಾಳಿನ ಓಟದಲ್ಲಿ ಸದರಿ ಬೂಟು ಧರಿಸಿದವರು ಮಾತ್ರ ಓಡತಕ್ಕದ್ದು. ಬೂಟು ಒಂದೇ ಜೊತೆ ಇರುವುದರಿಂದ ಓಟಗಾರರೂ ಒಬ್ಬರೇ. ಸೇವಾ ಹಿರಿತನದ ಮೇಲೆ ಅಧೀಕ್ಷಕರ ಹೆಸರನ್ನು ಅಂತಿಮಗೊಳಿಸಲಾಗಿದೆ. ಮೊದಲ ಸ್ಥಾನಕ್ಕೆ ತೀವ್ರ ಪೈಪೋಟಿ ನಿರೀಕ್ಷಿಸಲಾಗಿದೆ.

7. ಉಲ್ಲೇಖ (2)ರಲ್ಲಿ ಶ್ರೀಮತಿ ಮಾಸ್ತಮ್ಮ ಇವರು ಬರಿಗಾಲಲ್ಲಿ ಓಡಲು ಅನುಮತಿ ಕೋರಿರುತ್ತಾರೆ. ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುವುದರಿಂದ ಮುಂದಿನ ವರ್ಷದ ಓಟ ಅವರಿಗಿಲ್ಲವೆಂಬುದನ್ನು ಗಮನಿಸಲಾಗಿದೆ. ಅರ್ಜಿಯ ಸಾಲು ಯಥಾವತ್ತಾಗಿ: “ಇಪ್ಪತ್ತೆರಡು ವರ್ಷ ನಿಮ್ಮ ಟಪಾಲು ಹಿಡ್ಕಂಡು ಓಡಿದೆ. ಒಂದು ಸಲ ನಂಗೋಸ್ಕರ ಓಡೂಕೆ ಬಿಡಿ. ಹೆಜ್ಜೆ ಗಿಡ್ಡ ಇದ್ರೆ ನಿಮಗೆ ಎಂತ ತ್ರಾಸು?” ತ್ರಾಸಿನ ವಿವರಗಳನ್ನು ಅರ್ಜಿಗೆ ಲಗತ್ತಿಸದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.

8. ಈ ಸುತ್ತೋಲೆಯು ಭಟ್ಕಳ ಹಾಗೂ ಕುಮಟಾ ಕಚೇರಿಗಳಲ್ಲಿ ಮುದ್ದಾಂ, ಅಂದರೆ ಕೈಯಿಂದ ಕೈಗೆ, ಸ್ವೀಕೃತವಾಗಿ ಮೊಹರು ಬಿದ್ದ ಕ್ಷಣದಿಂದ ಜಾರಿಗೆ ಬರುತ್ತದೆ. ವಾಟ್ಸಾಪ್ ಪ್ರತಿಯನ್ನು ಪರಿಗಣಿಸತಕ್ಕದ್ದಲ್ಲ. ಅಲ್ಲಿಯವರೆಗೆ, ಯಾವುದೇ ಸಿಬ್ಬಂದಿ ಹೇಗೆ ಬೇಕಾದರೂ ಓಡಬಹುದೆಂಬ ಹಳೆಯ ನಿಯಮವೇ ಚಾಲ್ತಿಯಲ್ಲಿರುತ್ತದೆ.

ಸಹಿ/-
(ದೇವರಾಜ)
ಅಧೀಕ್ಷಕರು, ಬೂಟು ಪರಿಶೀಲನಾ ಸಮಿತಿಯ ಅಧ್ಯಕ್ಷರು ಹಾಗೂ ಓಟಗಾರರು

ಪ್ರತಿಗಳು:
1. ಭಟ್ಕಳ ಕಚೇರಿಗೆ, ಶ್ರೀಮತಿ ಮಾಸ್ತಮ್ಮ ಇವರ ಮುಖಾಂತರ.
2. ಕುಮಟಾ ಕಚೇರಿಗೆ, ಸದರಿಯವರದೇ ಮುಖಾಂತರ.
3. ಶ್ರೀ ಬೊಮ್ಮಯ್ಯ ಇವರಿಗೆ, ಕತ್ತಿ ಹಿಂದಿರುಗಿಸುವ ಸೂಚನೆಯೊಂದಿಗೆ.
4. ಕುಮಟಾ ಬಸ್ಸಿನ ನಿರ್ವಾಹಕರಿಗೆ, ನಾಳೆ ಅಧೀಕ್ಷಕರ ಹಿಂದೆ ನಿಧಾನವಾಗಿ ಬರುವ ಕೋರಿಕೆಯೊಂದಿಗೆ.
5. ಶ್ರೀಮತಿ ಮಾಸ್ತಮ್ಮ ಇವರಿಗೆ, ಕ್ರಮಾಂಕ 1 ಮತ್ತು 2ನ್ನು ಈ ದಿನವೇ ಓಡಿ ತಲುಪಿಸುವ ಆದೇಶದೊಂದಿಗೆ.
6. ಕಚೇರಿ ಪ್ರತಿ.

(ಕಚೇರಿ ಪ್ರತಿಯ ಮೇಲೆ ಕ್ರಮಾಂಕ 5ರವರ ಸ್ವೀಕೃತಿ ಷರಾ:)
ಓದಿದೆ. ಆತು. ಇದ್ನ ಕೊಡೂಕೆ ಐದೂವರೆ ಮಾಡಿದ್ರಿ, ಎರಡೂ ಆಫೀಸು ಬಾಗಿಲು ಹಾಕಿ ಆತು. ಟಪಾಲು ಸೋಮವಾರ ಮುಟ್ಸ್ತೆ. ನಾಳೆ ನಂಗೆ ಓಡೂದದೆ.
— ಮಾಸ್ತಮ್ಮ